ಕೆಸರಿನ ದಾರಿ ಮುಗಿದ ಮೇಲೆ ಎಂಜಿನ್ ಕಾದಾಗ

ಮೂರು ದಿನ ಕಾಡುದಾರಿ, ನಡುವೆ ಎರಡು ಹೊಳೆ, ಒಂದು ಕಡೆ ಅರ್ಧ ಚಕ್ರ ಮುಳುಗುವಷ್ಟು ಕೆಸರು. ಅಷ್ಟೂ ದಿನ ನಮ್ಮ ಡೀಸೆಲ್ ಪಿಕಪ್ ಟ್ರಕ್ಕಿನ ಟೆಂಪರೇಚರ್ ಮುಳ್ಳು ಇದ್ದಲ್ಲೇ ಇತ್ತು. ತೊಂದರೆ ಶುರುವಾಗಿದ್ದು ಟಾರು ರಸ್ತೆಗೆ ಬಂದ ಮೇಲೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಒಂದು ಉದ್ದನೆಯ ಏರು ಹತ್ತುತ್ತಿದ್ದೆವು. ಮುಳ್ಳು ನಿಧಾನಕ್ಕೆ ಕೆಂಪು ಗೆರೆಯ ಕಡೆ ಹೊರಟಿತು.

ಅಂಥ ಹೊತ್ತಲ್ಲಿ ಮೊದಲು ಮಾಡಬೇಕಾದ್ದು ಎರಡು ಕೆಲಸ. ಎಸಿ ಆರಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನ್ ಜೋರಾಗಿ ಇಡಿ. ಹೀಟರ್ ಒಳಗೆ ಇರುವುದೂ ಒಂದು ಪುಟ್ಟ ರೇಡಿಯೇಟರೇ (ಬಿಸಿ ದ್ರವವನ್ನು ಗಾಳಿಯಿಂದ ತಣಿಸುವ ಭಾಗ), ಎಂಜಿನ್ನಿನ ಬಿಸಿಯನ್ನು ಅದು ಒಂದಿಷ್ಟು ಹೊರಗೆಳೆಯುತ್ತದೆ. ಒಳಗೆ ಕೂತವರಿಗೆ ಬೆವರು ಸುರಿಯುತ್ತದೆ, ತಡೆದುಕೊಳ್ಳಿ. ನಾವು ಹೀಗೆ ಮಾಡಿ ರಸ್ತೆಯ ಬದಿಗೆ ನಿಲ್ಲಿಸಿದೆವು. ಹಬೆ ಇರಲಿಲ್ಲ, ಕೆಳಗೆ ಏನೂ ಸೋರುತ್ತಿರಲಿಲ್ಲ. ಹಾಗಾಗಿ ಎಂಜಿನ್ ಆರಿಸದೆ ನ್ಯೂಟ್ರಲ್‌ನಲ್ಲಿ ಓಡಲು ಬಿಟ್ಟೆವು. ಹಬೆ ಬಂದರೆ, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೋರಿದರೆ ಅಥವಾ ಮುಳ್ಳು ಕೆಂಪು ಮುಟ್ಟಿದರೆ ಮಾತ್ರ ಕಾಯಬೇಡಿ, ತಕ್ಷಣ ಆರಿಸಿ.

ಎರಡು ಮೂರು ನಿಮಿಷದಲ್ಲಿ ಮುಳ್ಳು ಕೆಳಗಿಳಿಯಿತು. ಮತ್ತೆ ಹೊರಟೆವು, ವೇಗ ಹೆಚ್ಚಿದ ಕೂಡಲೇ ಮತ್ತೆ ಏರಿತು. ದೊಡ್ಡ ಸುಳಿವು ಸಿಕ್ಕಿದ್ದು ಇಲ್ಲೇ. ನಿಂತಾಗ ಅಥವಾ ನಿಧಾನಕ್ಕೆ ಹೋಗುವಾಗ ಕಾದು, ಓಡಿಸಿದಾಗ ತಣ್ಣಗಾದರೆ ಮೊದಲು ರೇಡಿಯೇಟರಿನ ಫ್ಯಾನ್ ನೋಡಬೇಕು. ನಿಂತಾಗ ಸರಿಯಿದ್ದು ವೇಗದಲ್ಲಿ, ಏರಿನಲ್ಲಿ ಮಾತ್ರ ಕಾದರೆ ರೇಡಿಯೇಟರಿನ ಮೂಲಕ ಗಾಳಿಯೋ ಕೂಲೆಂಟೋ ಸಾಕಷ್ಟು ಹಾಯುತ್ತಿಲ್ಲ ಎಂದರ್ಥ.

ಜೊತೆಗಿದ್ದ ಗೆಳೆಯ, "ಥರ್ಮೋಸ್ಟಾಟ್ ಹೋಗಿರಬೇಕು ಕಣೋ" ಅಂದ. ಕೂಲೆಂಟ್ ರೇಡಿಯೇಟರಿಗೆ ಹೋಗುವುದನ್ನು ನಿಯಂತ್ರಿಸುವ ಕವಾಟ ಅದು. ಆಗಬಹುದು. ಆದರೆ ಮೂರು ದಿನ ಕೆಸರಲ್ಲಿ ಉರುಳಿದ ಗಾಡಿಯಲ್ಲಿ ಮೊದಲು ಕೆಸರನ್ನೇ ಹುಡುಕಬೇಕು ಅಲ್ವಾ? ಗ್ರಿಲ್ ಮೂಲಕ ನೋಡಿದರೆ ಎಲ್ಲ ಸ್ವಚ್ಛವಾಗಿತ್ತು. ಹೊಳೆ ದಾಟಿದಾಗ ಮುಂಭಾಗ ತೊಳೆದುಹೋಗಿತ್ತು. ನೆನಪಿಡಿ, ಎಸಿ ಇರುವ ಹೆಚ್ಚಿನ ಗಾಡಿಗಳಲ್ಲಿ ಮುಂದಿನಿಂದ ಕಾಣುವುದು ರೇಡಿಯೇಟರ್ ಅಲ್ಲ, ಎಸಿಯ ಬಿಸಿ ಹೊರಬಿಡುವ ಕಂಡೆನ್ಸರ್. ರೇಡಿಯೇಟರ್ ಅದರ ಹಿಂದೆ ಇರುತ್ತದೆ. ಎರಡರ ನಡುವೆ ಬೆರಳು ಕೂಡ ಸರಿಯಾಗಿ ತೂರದಷ್ಟು ಸಂದು. ಕೆಸರು ಸೇರಿಕೊಳ್ಳುವುದೇ ಅಲ್ಲಿ.

ಎಂಜಿನ್ ಆರಿಸಿ ಎಲ್ಲ ತಣ್ಣಗಾದ ಮೇಲೆ ಟಾರ್ಚ್ ತೆಗೆದುಕೊಳ್ಳಿ. ಒಬ್ಬರು ಎಂಜಿನ್ ಕಡೆಯಿಂದ ರೇಡಿಯೇಟರಿಗೆ ಬೆಳಕು ಬಿಡಲಿ, ಇನ್ನೊಬ್ಬರು ಮುಂದಿನಿಂದ ನೋಡಲಿ. ತೆಳು ಫಿನ್ನುಗಳ (ಲೋಹದ ಪಟ್ಟಿಗಳ) ಮಧ್ಯೆ ಬೆಳಕು ಚುಕ್ಕೆ ಚುಕ್ಕೆಯಾಗಿ ಹಾಯಬೇಕು. ನಮ್ಮದರಲ್ಲಿ ಕೆಳಗಿನ ಅರ್ಧ ಪೂರ್ತಿ ಕತ್ತಲು. ಕೆಸರು, ಹುಲ್ಲಿನ ಬೀಜ, ಎಲೆಚೂರು ಎಲ್ಲ ಸೇರಿ ಒಣಗಿ ಗೋಡೆಯಾಗಿತ್ತು. ಕಾಡಲ್ಲಿ ನಿಧಾನಕ್ಕೆ ಹೋಗುವಾಗ ಎಂಜಿನ್ ಹುಟ್ಟಿಸುವ ಬಿಸಿ ಕಡಿಮೆ, ಉಳಿದ ಅರ್ಧ ಸಾಕಾಗಿತ್ತು. ವೇಗದಲ್ಲಿ ಏರು ಹತ್ತುವಾಗ ಸಾಕಾಗಲಿಲ್ಲ.

ತೊಳೆಯುವ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಪ್ರೆಶರ್ ವಾಷರ್ ಹತ್ತಿರದಿಂದ ಹಿಡಿದರೆ ಫಿನ್ನುಗಳು ಮಡಚಿ, ಗಾಳಿಯ ದಾರಿ ಮುಚ್ಚುತ್ತದೆ. ಸಾಧಾರಣ ಪೈಪಿನ ನೀರು ಸಾಕು, ಅದೂ ಎಂಜಿನ್ ಕಡೆಯಿಂದ ಹೊರಮುಖವಾಗಿ. ಮುಂದಿನಿಂದ ಬಿಟ್ಟರೆ ಕೆಸರು ಇನ್ನೂ ಒಳಕ್ಕೆ ಹೋಗುತ್ತದೆ. ನಾವು ಮೊದಲು ನೆನೆಸಿ, ಹದಿನೈದು ನಿಮಿಷ ಬಿಟ್ಟು, ಮತ್ತೆ ನೀರು ಬಿಟ್ಟೆವು. ನಂತರ ರೇಡಿಯೇಟರಿನ ಮೇಲಿನ ಬೋಲ್ಟುಗಳನ್ನು ಬಿಚ್ಚಿ, ಅದನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಸಂದಿಗೂ ನೀರು ಹರಿಸಿದೆವು. ಕಂಡೆನ್ಸರಿನ ಪೈಪು ಮಾತ್ರ ಬಿಚ್ಚಬೇಡಿ, ಅದರಲ್ಲಿ ಒತ್ತಡದ ಗ್ಯಾಸ್ ಇರುತ್ತದೆ. ತಿಳಿ ನೀರು ಬರುವ ಹೊತ್ತಿಗೆ ಒಂದು ಗಂಟೆ ಮೀರಿತ್ತು.

ರೇಡಿಯೇಟರ್ ಮುಚ್ಚಳದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅರ್ಧ ನೀರು, ಅರ್ಧ ಕೂಲೆಂಟ್ ಇರುವ ಮಿಶ್ರಣ ಮಾಮೂಲಿ ಒತ್ತಡದಲ್ಲಿ ಸುಮಾರು 106 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಹಿಡಿದಿಡುವ ಒತ್ತಡದಿಂದ ಅದು 125 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಬಿಸಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಬಿಡುಗಡೆಯಾಗಿ ಆ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಕೈಗೆ ತಣ್ಣಗೆ, ಮೆತ್ತಗೆ ಅನ್ನಿಸುವವರೆಗೆ ಮುಚ್ಚಳ ಮುಟ್ಟಬೇಡಿ.

ನಿಮ್ಮ ಗಾಡಿ ನಿಂತಾಗ ಕಾಯುತ್ತಿದ್ದರೆ ದಾರಿ ಬೇರೆ. ಎಲೆಕ್ಟ್ರಿಕ್ ಫ್ಯಾನ್ ಆದರೆ ಫ್ಯೂಸ್, ರಿಲೇ, ನೀರು ಹೊಕ್ಕ ಕನೆಕ್ಟರ್ ನೋಡಿ. ಬೆಲ್ಟಿನಿಂದ ತಿರುಗುವ ವಿಸ್ಕಸ್ ಫ್ಯಾನ್ (ದ್ರವ ತುಂಬಿದ ಕ್ಲಚ್ ಇರುವ ಫ್ಯಾನ್) ಆದರೆ, ಎಂಜಿನ್ ಆರಿಸಿ ಕೈಯಲ್ಲಿ ತಿರುಗಿಸಿ. ಸ್ವಲ್ಪವೂ ಬಿಗಿಯಿಲ್ಲದೆ ಸುಮ್ನೆ ಗಿರಗಿರ ತಿರುಗಿದರೆ ಅದರ ಕ್ಲಚ್ ಹೋಗಿದೆ. ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲು) ಸುಟ್ಟಿರುವ ಸಾಧ್ಯತೆ ಜಾಸ್ತಿ. ಆಗ ಗಾಡಿ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಇನ್ನೊಂದು ಮಾತು ಮುಳ್ಳಿನ ಬಗ್ಗೆ. ಅನೇಕ ಹೊಸ ಗಾಡಿಗಳಲ್ಲಿ ಎಂಜಿನ್ ಬಿಸಿ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಆದರೂ ಮುಳ್ಳು ನಡುವೆಯೇ ನಿಲ್ಲುತ್ತದೆ. ಅದು ಅಲುಗಾಡುವಷ್ಟರಲ್ಲಿ ತಡವಾಗಿರುತ್ತದೆ. ಒಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿಗೆ) ಸಿಕ್ಕಿಸುವ ಸಣ್ಣ ರೀಡರ್ ಇದ್ದರೆ ಫೋನಿನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ. ಈಗ ನಾನು ಅದಿಲ್ಲದೆ ಹೊರಡುವುದಿಲ್ಲ. ಜೊತೆಗೆ ಐದು ಲೀಟರ್ ನೀರು, ಬೆರೆಸಿದ ಕೂಲೆಂಟ್, ಒಂದು ಹೆಚ್ಚುವರಿ ಬೆಲ್ಟ್, ಹೋಸ್ ಕ್ಲ್ಯಾಂಪ್, ಟಾರ್ಚ್.

ತೊಳೆದ ಮೇಲೆ ಅದೇ ಏರನ್ನು ಅದೇ ವೇಗದಲ್ಲಿ ಹತ್ತಿ ನೋಡಿದೆವು. ಮುಳ್ಳು ನಡುವೆಯೇ ನಿಂತಿತು. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ನೋಡಿದರೆ ಕೂಲೆಂಟ್ ಅರ್ಧ ಲೀಟರ್ ಕಡಿಮೆಯಿತ್ತು. ತುಂಬಿಸಿ ಹೊರಟೆವು.