ಎಂಟು ಪುಟದ ಮಳೆ: ಐದು ಮುಗಿದವು, ಮೂರು ಬಾಕಿ

ನಾನು ಬಿಡಿಸುತ್ತಿರುವ ಕಾಮಿಕ್ಕಿನ ಎಂಟು ಪುಟಗಳಲ್ಲಿ ಐದು ಮುಗಿದಿವೆ. ನಿಜ ಹೇಳಬೇಕೆಂದರೆ ನಾಲ್ಕೂವರೆ, ಮೂರನೇ ಪುಟದ ಕೆಳಗಿನ ಚಿತ್ರಗಳ ಸಾಲು ಹಾಳಾಗಿ ಕೂತಿದೆ. ಅದರ ಕಥೆ ಆಮೇಲೆ.

ಕಾಮಿಕ್ಕಿನ ಕಥೆ ಇಷ್ಟೇ: ಮಳೆ ಸುರಿಯುವ ರಾತ್ರಿ, ಕೊನೆಯ ಬಸ್ಸು ತಪ್ಪಿದ ಇಬ್ಬರು ಅಪರಿಚಿತರು (ಒಬ್ಬಾಕೆ, ಒಬ್ಬಾತ), ಒಂದೇ ಕೊಡೆ, ಒಂದೇ ಬೀದಿದೀಪ. ಮಾತು ಕಮ್ಮಿ, ಕಪ್ಪು ಜಾಸ್ತಿ. ಟ್ಯಾಬ್ಲೆಟ್ ಪಕ್ಕಕ್ಕಿಟ್ಟು ನಿಬ್ಬು, ಶಾಯಿ ಹಿಡಿದದ್ದು ಆ ಕಪ್ಪಿನ ಆಸೆಗೇ.

ಮೊದಲ ವಾರ ಬರೀ ಚಿಕ್ಕ ಗೀಚು. ಒಂದೊಂದು ಪುಟವೂ ಬೆಂಕಿಪೊಟ್ಟಣದಷ್ಟು. ಅಷ್ಟು ಸಣ್ಣದರಲ್ಲಿ ಕಣ್ಣು ಮೂಗು ಬಿಡಿಸಲು ಆಗುವುದೇ ಇಲ್ಲ, ಹಾಗಾಗಿ ಕಪ್ಪು ಎಲ್ಲಿ ಬೀಳಬೇಕು, ಬಿಳಿ ಎಲ್ಲಿ ಉಳಿಯಬೇಕು ಅನ್ನುವುದೊಂದೇ ಪ್ರಶ್ನೆ ಉಳಿಯುತ್ತದೆ. ದಪ್ಪ ಮಾರ್ಕರ್‌ನಲ್ಲಿ ತುಂಬಿ, ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಯಿಂದ ನೋಡಿದೆ. ಅಲ್ಲಿಂದ ಅರ್ಥವಾಗದ ಎರಡು ಪುಟಗಳನ್ನು ಹರಿದು ಹಾಕಿದೆ.

ದೊಡ್ಡ ಹಾಳೆಯಲ್ಲಿ ಚಿತ್ರದ ಜಾಗ 10 ಇಂಚು ಅಗಲ, 15 ಇಂಚು ಎತ್ತರ. ಅಚ್ಚಿಗೆ ಹೋಗುವಾಗ ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ಕುಗ್ಗಿದರೆ ಕೈನಡುಕ ಮುಚ್ಚಿಹೋಗುತ್ತದೆ ನಿಜ, ಆದರೆ ಒತ್ತೊತ್ತಾಗಿ ಎಳೆದ ಗೀಟುಗಳ ನಡುವಿನ ಬಿಳಿಯೂ ಮುಚ್ಚಿಹೋಗುತ್ತದೆ. ಮೊದಲ ಪುಟದಲ್ಲಿ ಕೋಟಿನ ಮೇಲೆ ಗಂಟೆಗಟ್ಟಲೆ ಎಳೆದ ಅಡ್ಡ-ಉದ್ದದ ಗೀಟುಗಳು ಕುಗ್ಗಿಸಿದ ಪ್ರಿಂಟಿನಲ್ಲಿ ಒಂದು ಮಣ್ಣುಮುದ್ದೆ. ಈಗ ಗೀಟು ಕಮ್ಮಿ, ಅಂತರ ಜಾಸ್ತಿ.

ಆದರೆ ಮೊದಲ ಪುಟದ ದೊಡ್ಡ ತೊಂದರೆ ಅದಲ್ಲ. ಪೆನ್ಸಿಲ್‌ನಲ್ಲಿ ಜೀವಂತವಾಗಿದ್ದ ಹೆಂಗಸು ಶಾಯಿ ಹಾಕಿದ ಮೇಲೆ ಅಂಗಡಿ ಮುಂದಿನ ಬಟ್ಟೆಯ ಬೊಂಬೆಯಾಗಿದ್ದಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ತಿಳಿಯಿತು: ಪೆನ್ಸಿಲ್‌ನಲ್ಲಿ ಸೀರೆಯ ಒಂದೊಂದು ನೆರಿಗೆಯನ್ನೂ ಮುಗಿಸಿಟ್ಟಿದ್ದೆ. ನಿಬ್ಬಿಗೆ ಉಳಿದದ್ದು ತಿದ್ದುವ ಕೆಲಸ, ಮಗು ಸ್ಲೇಟಿನಲ್ಲಿ ಅಕ್ಷರ ತಿದ್ದಿದ ಹಾಗೆ. ಗೆರೆ ತಪ್ಪೀತು ಅನ್ನುವ ಭಯಕ್ಕೆ ಕೈ ನಿಧಾನವಾಗುತ್ತದೆ, ನಿಧಾನವಾದ ಗೆರೆ ನಡುಗುತ್ತದೆ.

ಎರಡನೇ ಪುಟದಿಂದ ಪೆನ್ಸಿಲ್ ಅರ್ಧಕ್ಕೇ ನಿಲ್ಲಿಸುತ್ತಿದ್ದೇನೆ. ತಲೆ ಎಲ್ಲಿ, ಮೊಣಕೈ ಎಲ್ಲಿ, ಭಾರ ಯಾವ ಕಾಲಿನ ಮೇಲೆ, ಅಷ್ಟೇ. ನೆರಿಗೆ, ಕೂದಲು, ಕೊಡೆಯ ಕಡ್ಡಿ ಎಲ್ಲ ನೇರ ಶಾಯಿಯಲ್ಲಿ. ನಿಬ್ಬನ್ನು ನಮ್ಮ ಕಡೆಗೆ ಎಳೆದರೆ ಅದು ಒತ್ತಿದಷ್ಟು ಬಾಯಿ ಬಿಟ್ಟು ದಪ್ಪ-ತೆಳು ಗೆರೆ ಕೊಡುತ್ತದೆ, ಮುಂದಕ್ಕೆ ತಳ್ಳಿದರೆ ಕಾಗದಕ್ಕೆ ಚುಚ್ಚಿ ಶಾಯಿ ಎರಚುತ್ತದೆ. ಹಾಗಾಗಿ ಕೈ ತಿರುಗಿಸುವ ಬದಲು ಹಾಳೆಯನ್ನೇ ತಿರುಗಿಸುತ್ತೇನೆ. ಕೊಡೆಯ ಒಂದು ಕಮಾನಿಗೆ ಹಾಳೆ ಮೂರು ಸಲ ಸುತ್ತಿತು.

ಹೊಸ ನಿಬ್ಬು ಶಾಯಿ ಹಿಡಿಯುತ್ತಿಲ್ಲ ಎಂದು ಬೈದುಕೊಳ್ಳುವವರಿಗೆ ಒಂದು ಮಾತು. ತುಕ್ಕು ಹಿಡಿಯದಿರಲಿ ಎಂದು ಅದಕ್ಕೆ ಜಿಡ್ಡು ಬಳಿದಿರುತ್ತಾರೆ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ತೊಳೆದರೆ ಸರಿಹೋಗುತ್ತದೆ. ನಾನು ಬಳಸುವ ಇಂಡಿಯನ್ ಇಂಕ್‌ನಲ್ಲಿ ಮಸಿಯ ಜೊತೆ ಅರಗೂ ಇದೆ. ಒಣಗಿದ ಮೇಲೆ ನೀರಿಗೆ ಜಗ್ಗದಿರುವುದು ಅದರಿಂದಲೇ. ಅದನ್ನು ಫೌಂಟನ್ ಪೆನ್ನಿಗೆ ತುಂಬಿದರೆ ಪೆನ್ನಿನ ಕಥೆ ಮುಗಿಯಿತು. ನಿಬ್ಬನ್ನೂ ಐದೈದು ನಿಮಿಷಕ್ಕೆ ಒರೆಸುತ್ತಿರಬೇಕು.

ಇನ್ನು ಮಳೆ. ಕಪ್ಪಿನ ಮೇಲೆ ಬಿಳಿ ಗೌಚ್‌ನಲ್ಲಿ (ನೀರಿನಲ್ಲಿ ಕಲಸುವ ದಟ್ಟ ಬಣ್ಣ) ಎಳೆದೆ, ಆಮೇಲೆ ಅಂಟಿಸಿದ ದಾರದ ಹಾಗೆ ಕಂಡಿತು. ಸ್ಕೇಲ್ ಇಟ್ಟು ಓರೆಗೆರೆ ಎಳೆದೆ, ಪಾತ್ರಗಳು ಜೈಲಿನಲ್ಲಿದ್ದ ಹಾಗಾಯಿತು. ಒಂದು ರಾತ್ರಿ ಮಳೆ ಬಂದಾಗ ಕಿಟಕಿಯಲ್ಲಿ ನಿಂತು ನೋಡಿದರೆ ಕತ್ತಲಲ್ಲಿ ಮಳೆ ಕಾಣುತ್ತಲೇ ಇಲ್ಲ! ದೀಪದ ಬೆಳಕು ಹರಡಿದ ಕಡೆ ಮಾತ್ರ ಎಳೆಗಳು, ಉಳಿದದ್ದು ನೆಲಕ್ಕೆ ಬಿದ್ದು ಸಿಡಿಯುವಾಗಲಷ್ಟೇ ಕಣ್ಣಿಗೆ ಬೀಳುತ್ತದೆ. ನಾಲ್ಕನೇ ಪುಟದಲ್ಲಿ ಹಾಗೇ ಮಾಡಿದೆ. ದೀಪದ ಕೆಳಗೆ ಮಾತ್ರ ಗೆರೆ, ರಸ್ತೆಯ ಮೇಲೆ ಸಣ್ಣ ಸಣ್ಣ ಕಿರೀಟಗಳು, ಮಿಕ್ಕಿದ್ದೆಲ್ಲ ಬ್ರಷ್‌ನಲ್ಲಿ ತುಂಬಿದ ಕಪ್ಪು. ಐದರಲ್ಲಿ ನನಗೆ ಇಷ್ಟವಾದ ಪುಟ ಅದೊಂದೇ.

ಚಿತ್ರಕ್ಕಿಂತ ಹೆಚ್ಚು ಸತಾಯಿಸಿದ್ದು ಅಕ್ಷರ. ಇಂಗ್ಲಿಷ್ ಕಾಮಿಕ್ಸ್‌ನವರು ಸಾಮಾನ್ಯವಾಗಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಸಾಲುಗಳು ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತವೆ. ನಮ್ಮಲ್ಲಿ ಮೇಲಿನ ಸಾಲಿನ ಒತ್ತಕ್ಷರ ಇಳಿದು ಬಂದು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಆತ ಹೇಳುವ ಮೊದಲ ಮಾತು ‘ಇಷ್ಟೊತ್ತಲ್ಲಿ ಬಸ್ಸೆಲ್ಲಿ ಬರುತ್ತೆ?’ ಮೂರೇ ಪದ, ಆರು ಒತ್ತು. ಎರಡು ಸಾಲಿಗೆ ಮುರಿದರೆ ಸಾಲಿನ ನಡುವೆ ಇನ್ನೊಂದು ಸಾಲಿನಷ್ಟು ಜಾಗ ಬೇಕು. ಮಾತು ಬರೆಯುವ ಗುಳ್ಳೆ ಊದಿಕೊಂಡು ಪಾಪ ಆತನ ಹಣೆಯವರೆಗೂ ಬಂತು. ಮಾತನ್ನೇ ಬದಲಿಸಿ ‘ಹೋಯ್ತು. ಇನ್ನು ಬರಲ್ಲ’ ಎಂದು ಮಾಡಿದೆ. ಅಲ್ಲೂ ಮೂರು ಒತ್ತು! ಒತ್ತಿಲ್ಲದೆ ಕನ್ನಡ ಮಾತಾಡುವುದುಂಟೇ? ಆದರೆ ಕಥೆಗೆ ಈ ಮೊಟಕು ಮಾತೇ ಚೆನ್ನಾಗಿ ಹೊಂದಿತು. ಈಗ ಪೆನ್ಸಿಲ್ ಮುಟ್ಟುವ ಮುಂಚೆಯೇ ಮಾತು ಬರೆದು, ಒತ್ತಿಗೆಂದೇ ಬೇರೆ ಗೆರೆ ಹಾಕಿಕೊಂಡು, ಗುಳ್ಳೆಯ ಜಾಗ ಗುರುತು ಮಾಡುತ್ತೇನೆ. ಮನುಷ್ಯರು ಉಳಿದ ಜಾಗದಲ್ಲಿ ನಿಲ್ಲಲಿ.

ಮೂರನೇ ಪುಟಕ್ಕೆ ಆದದ್ದು: ಕಪ್ಪು ದಪ್ಪಗೆ ತುಂಬಿದ್ದೆ, ಮೇಲೆ ಒಣಗಿದಂತೆ ಕಂಡಿತು, ಪೆನ್ಸಿಲ್ ಅಳಿಸಲು ರಬ್ಬರ್ ಹಚ್ಚಿದೆ. ಒಳಗೆ ಹಸಿ ಇತ್ತು. ಒಂದೇ ಎಳೆತಕ್ಕೆ ಆಕೆಯ ಕೆನ್ನೆಯಿಂದ ಕೊಡೆಯ ಹಿಡಿಯವರೆಗೆ ಕಪ್ಪು ಪಟ್ಟೆ. ಗೌಚ್ ಬಳಿದು ಮುಚ್ಚಿದರೆ ಅದರ ಮೇಲೆ ನಿಬ್ಬು ಸರಿಯಾಗಿ ಓಡುವುದಿಲ್ಲ. ಹಾಗಾಗಿ ಆ ಸಾಲಿನ ಮೂರು ಪ್ಯಾನೆಲ್‌ಗಳನ್ನು (ಚಿತ್ರದ ಚೌಕಗಳನ್ನು) ಬೇರೆ ಹಾಳೆಯಲ್ಲಿ ಬರೆದು ಮೇಲೆ ಅಂಟಿಸುತ್ತೇನೆ. ಸ್ಕ್ಯಾನ್‌ನಲ್ಲಿ ಅಂಚು ಕಾಣದು. 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಬೂದು ಪೂರ್ತಿ ತೆಗೆದು, ಕಪ್ಪು-ಬಿಳಿ ಎರಡನ್ನೇ ಉಳಿಸುವುದು ನನ್ನ ಕ್ರಮ. ಪೆನ್ಸಿಲ್ ಗುರುತೂ ಅಲ್ಲೇ ಮಾಯವಾಗುತ್ತದೆ. ಅಂದರೆ ಆ ದಿನ ರಬ್ಬರ್ ಹಿಡಿಯುವ ಅಗತ್ಯವೇ ಇರಲಿಲ್ಲ.

ಆರನೇ ಪುಟ ಒಂದೇ ದೊಡ್ಡ ಪ್ಯಾನೆಲ್. ದೂರದಿಂದ ಗಾಡಿಯೊಂದರ ಬೆಳಕು ಬರುತ್ತದೆ, ಇಬ್ಬರೂ ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಮಾತಿಲ್ಲ, ಪುಟದ ಮುಕ್ಕಾಲು ಪಾಲು ಖಾಲಿ ಬಿಳಿ. ಬೆಂಕಿಪೊಟ್ಟಣದ ಅಳತೆಯಲ್ಲಿ ನಾಲ್ಕು ಬಗೆಯಾಗಿ ಗೀಚಿದ್ದೇನೆ, ನಾಲ್ಕರಲ್ಲೂ ಆ ಬಿಳಿಯಲ್ಲಿ ಏನಾದರೊಂದು ತುರುಕಿಬಿಟ್ಟಿದ್ದೇನೆ. ಐದನೆಯದು ನಾಳೆ.