“ಸಿಸ್ಟರ್, ಬೇಗ ಆಗೋಕೆ ಏನಾದ್ರೂ ಇದೆಯಾ?”

ಇದೆ. ಆದರೆ ನೀವು ಅಂದುಕೊಂಡಂಥದ್ದಲ್ಲ.

ನಾನು ಹೆರಿಗೆ ವಾರ್ಡಿನ ನರ್ಸ್ ಅಂತ ಗೊತ್ತಾದರೆ ಸಾಕು, ಬಸ್ಸಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಔಷಧಿ ಇಲ್ಲದೆ, ನೋವಿಲ್ಲದೆ, ಬೇಗ ಹೆರಿಗೆ ಆಗುವ ಉಪಾಯ ಹೇಳಿ ಅಂತ. ಮೂರೂ ಒಟ್ಟಿಗೇ ಬೇಕು! ಅಂಥದ್ದು ಗೊತ್ತಿದ್ದಿದ್ದರೆ ನನ್ನ ಚೊಚ್ಚಲ ಹೆರಿಗೆಯಲ್ಲಿ ನಾನು ಯಾಕೆ 19 ಗಂಟೆ ಒದ್ದಾಡುತ್ತಿದ್ದೆ?

ಸಿಟ್ಟು ಬರುವುದು ಆ ‘ಬೇಗ’ಕ್ಕೆ. ಗರ್ಭಕೋಶದ ಬಾಯಿ ಗಂಟೆಗೆ 1 ಸೆಂಟಿಮೀಟರ್ ತೆರೆಯಲೇಬೇಕು ಅಂತ ಗಡಿಯಾರ ನೋಡುತ್ತ ಕೂರುವ ಕಾಲ ಇತ್ತು. ಎಲ್ಲರಿಗೂ ಆ ವೇಗ ಆಗಿಬರುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ.

ಒಂದು ರಾತ್ರಿ ಒಬ್ಬಾಕೆ ಬಂದಳು. ಮಗುವಿನ ಬೆನ್ನು ತಾಯಿಯ ಬೆನ್ನ ಕಡೆಗೇ ಇತ್ತು, ನೋವೆಲ್ಲ ಸೊಂಟದಲ್ಲಿ. ಅವಳು ಅಂಗಾತ ಮಲಗಿ ಮಂಚದ ಕಂಬಿ ಹಿಡಿದಿದ್ದಳು. ಗಂಡ ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದ. ಐದು ನಿಮಿಷಕ್ಕೊಮ್ಮೆ, “ಸಿಸ್ಟರ್, ಈಗ ಎಷ್ಟು ಸೆಂಟಿಮೀಟರ್?”

ಮೊದಲು ಅವಳನ್ನು ಎಬ್ಬಿಸಿ ಟಾಯ್ಲೆಟ್ಟಿಗೆ ಕಳಿಸಿದೆ. ಮೂತ್ರಕೋಶ ತುಂಬಿದ್ದರೆ ಮಗುವಿನ ತಲೆ ಕೆಳಗಿಳಿಯಲು ಜಾಗ ಸಾಲದು. ಆಮೇಲೆ ಮಂಡಿ, ಅಂಗೈ ಊರಿ ನಿಲ್ಲಿಸಿದೆ. ಹಾಗೆ ಬಗ್ಗಿದರೆ ಹೊಟ್ಟೆಯ ಭಾರ ಬೆನ್ನಿನಿಂದ ಮುಂದಕ್ಕೆ ಬರುತ್ತದೆ. ಗಂಡನ ಮೊಬೈಲ್ ಕಸಿದುಕೊಂಡೆ (ಹೌದು, ಕಸಿದುಕೊಂಡೆ). ಅವನ ಅಂಗೈ ಬುಡವನ್ನು ಅವಳ ಸೊಂಟದ ಕೆಳಗಿನ ಮೂಳೆಯ ಮೇಲಿಟ್ಟು, “ನೋವು ಬಂದಾಗ ಒತ್ತಿ, ಹೋದಾಗ ಬಿಡಿ” ಅಂದೆ. ಹೆದರುತ್ತ ಒತ್ತಿದ. “ಇನ್ನೂ ಗಟ್ಟಿ!” ಅಂತ ಅವಳು ಕಿರುಚಿದಳು.

ನಡುವೆ ಬಿಸಿನೀರಿನ ಶವರ್, ಗೋಡೆಗೆ ಕೈಕೊಟ್ಟು ಸೊಂಟ ತೂಗುವುದು, ಒಂದಿಷ್ಟು ನಡಿಗೆ. ಮಲಗಿದವರಿಗಿಂತ ಎದ್ದು ಓಡಾಡುವವರ ಮೊದಲ ಹಂತ (ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನದು) ಸರಾಸರಿ 1 ಗಂಟೆ 22 ನಿಮಿಷ ಕಡಿಮೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2013ರ ಕಾಕ್ರೇನ್ ವಿಮರ್ಶೆ ಲೆಕ್ಕ ಕೊಟ್ಟಿದೆ. ಅದು ಸರಾಸರಿ. ಅವಳಿಗೆ ಬೆಳಗೇ ಆಯಿತು. ಆದರೆ ಆಮೇಲೆ ಅವಳು ಕಂಬಿ ಹಿಡಿಯಲಿಲ್ಲ.

ಎಪಿಡ್ಯೂರಲ್, ಅಂದರೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್, ಅವಳು ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ. ತಡೆದುಕೊಂಡವರಿಗೆ ಇಲ್ಲಿ ಮೆಡಲ್ ಏನೂ ಕೊಡುವುದಿಲ್ಲ. ರಕ್ತ ಹೋಗುತ್ತಿದ್ದರೆ, ಮಗುವಿನ ಎದೆಬಡಿತ ಏರುಪೇರಾದರೆ ಶವರ್, ನಡಿಗೆ ಎಲ್ಲ ಬದಿಗಿಟ್ಟು ಡಾಕ್ಟರನ್ನೇ ಕರೆಯುತ್ತೇನೆ.

ನನಗೆ ಬೇಕಾದ ಪ್ರಶ್ನೆ ಬೇರೆ: “ಜೊತೆಗಿರುವ ನಾನು ಏನು ಮಾಡಲಿ?” ಇದನ್ನು ಯಾರೂ ಕೇಳುವುದಿಲ್ಲ. 15,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ನೋಡಿದ 2017ರ ಇನ್ನೊಂದು ವಿಮರ್ಶೆಯಲ್ಲಿ, ಕೊನೆತನಕ ಒಬ್ಬರು ಜೊತೆಗಿದ್ದವರಿಗೆ ಸಿಸೇರಿಯನ್ನೂ ಕಡಿಮೆ, ಹೆರಿಗೆಯ ಹೊತ್ತೂ ಸ್ವಲ್ಪ ಕಡಿಮೆ. ಜೊತೆ ಅಂದರೆ ಬೆನ್ನು ಒತ್ತುವುದು, ಗುಟುಕು ನೀರು ಕೊಡುವುದು, ಸೆಂಟಿಮೀಟರ್ ಕೇಳದಿರುವುದು.

ಅವತ್ತು ಮಗು ಹುಟ್ಟಿ ಅರ್ಧ ಗಂಟೆಗೆ ಆ ಗಂಡ ನನ್ನ ಮೇಜಿನ ಹತ್ತಿರ ಬಂದ. ಮಣಿಕಟ್ಟು ಹಿಡಿದುಕೊಂಡಿದ್ದ.

“ಸಿಸ್ಟರ್, ಕೈ ನೋವಿಗೆ ಏನಾದ್ರೂ ಮಾತ್ರೆ ಇದೆಯಾ?”