ಗೋಡೆ ಮೇಲಿನ ಹೆಸರಿಗೆ 293 ಪೌಂಡ್

ಮೊನ್ನೆ ಅಪ್ಪಾಜಿ ಜೊತೆ ಫೋನಿನಲ್ಲಿ ಮಾತಾಡುವಾಗ ಬಾಯಿ ತಪ್ಪಿ ಹೇಳಿಬಿಟ್ಟೆ, "ಈ ವರ್ಷದ ರಿಜಿಸ್ಟ್ರೇಷನ್ ಕಟ್ಟಿದೆ, 293 ಪೌಂಡ್" ಅಂತ. ಆ ಕಡೆ ಸದ್ದಿಲ್ಲ. ಮನಸ್ಸಲ್ಲೇ ಗುಣಿಸುತ್ತಿದ್ದರು.

"ಮೂವತ್ತು ಸಾವಿರ ದಾಟ್ತಲ್ಲಮ್ಮ! ಎಷ್ಟು ವರ್ಷಕ್ಕೆ?"

"ಒಂದೇ ವರ್ಷಕ್ಕೆ ಅಪ್ಪಾಜಿ."

ದಾವಣಗೆರೆಯಲ್ಲಿ ಮೂವತ್ತು ವರ್ಷ ಮೆಡಿಕಲ್ ಸ್ಟೋರ್ ನಡೆಸಿದವರು ಅವರು. ಅವರಿಗೆ ಇದು ಹಗಲು ದರೋಡೆ.

ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಫಾರ್ಮಸಿಸ್ಟ್. ಇಲ್ಲಿ ನಮ್ಮ ಹೆಸರು ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ಅಂತ, ಫಾರ್ಮಸಿಸ್ಟ್‌ಗಳನ್ನು ನಿಯಂತ್ರಿಸುವ ಸಂಸ್ಥೆಯ ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಆ ಕೆಲಸವೇ ಮಾಡುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆ ಪಟ್ಟಿಯಲ್ಲಿರೋ ವರ್ಷದ ಫೀಸು 257ರಿಂದ 276 ಪೌಂಡ್ ಆಯಿತು. ಮರುವರ್ಷ 293. ಏರಿದ್ದಕ್ಕಿಂತ ನನಗೆ ಜಾಸ್ತಿ ಚುಚ್ಚೋದು ಬೇರೆ. ಮಗಳು ಚಿಕ್ಕವಳು ಅಂತ ನಾನು ವಾರಕ್ಕೆ ಮೂರೇ ದಿನ ಹೋಗುತ್ತೇನೆ. ಆರು ದಿನ ದುಡಿಯುವವರೂ ಅಷ್ಟೇ ಕಟ್ಟುತ್ತಾರೆ, ನಾನೂ ಅಷ್ಟೇ. ಇದಕ್ಕೊಂದು ಅರ್ಧ ಟಿಕೆಟ್ ಇರಬಾರದಾ?

ಜೊತೆಗೆ ಕೆಲಸ ಮಾಡುವವರು "ದುಡ್ಡು ಇಸ್ಕೊಂಡು ನಮಗೇನು ಮಾಡ್ತಾರೆ?" ಅಂತ ಗೊಣಗುತ್ತಾರೆ. ಅದನ್ನು ಮಾತ್ರ ನಾನು ಒಪ್ಪಲ್ಲ. ಇದು ನಮ್ಮ ಸಂಘದ ಚಂದಾ ಅಲ್ಲ. 2010ರವರೆಗೆ ಸಂಘ, ನಿಯಂತ್ರಣ ಎರಡನ್ನೂ ರಾಯಲ್ ಫಾರ್ಮಸ್ಯೂಟಿಕಲ್ ಸೊಸೈಟಿಯೇ ನೋಡಿಕೊಳ್ಳುತ್ತಿತ್ತು. ಆ ವರ್ಷ ಬೇರೆ ಮಾಡಿ, ನಿಯಂತ್ರಣವನ್ನು ಈ ಕೌನ್ಸಿಲ್‌ಗೆ ಕೊಟ್ಟರು. ಈಗ ಕೌನ್ಸಿಲ್ ಇರೋದು ಔಷಧಿ ತಗೊಳ್ಳುವವರ ಪರವಾಗಿ. ನಮ್ಮ ಮೇಲೆ ದೂರು ಬಂದರೆ ವಿಚಾರಣೆ ಮಾಡೋದೂ ಅದೇ. ನಮ್ಮನ್ನು ವಿಚಾರಿಸೋಕೆ ನಮ್ಮದೇ ದುಡ್ಡು, ತಮಾಷೆ ಅಲ್ವಾ?

ನಮ್ಮೂರ ಕಡೆ ಫಾರ್ಮಸಿಸ್ಟ್ ಸರ್ಟಿಫಿಕೇಟು ಬಾಡಿಗೆಗೆ ಕೊಡೋದು ಎಲ್ಲರಿಗೂ ಗೊತ್ತಿರುವ ಗುಟ್ಟು. ಫ್ರೇಮಿನಲ್ಲಿ ಒಬ್ಬರ ಹೆಸರು, ಕೌಂಟರಿನಲ್ಲಿ ಪಿಯುಸಿ ಓದಿದ ಹುಡುಗ. ಇಂಥ ಅಂಗಡಿಗಳ ಮಾತು ಬಂದರೆ ಅಪ್ಪಾಜಿಗೆ ಈಗಲೂ ಸಿಟ್ಟು ಬರುತ್ತೆ. ಇಲ್ಲಿ ನಾನು ಬೆಳಿಗ್ಗೆ ಬಂದವಳೇ ಮಾಡುವ ಮೊದಲ ಕೆಲಸ, ಹಿಂದಿನ ದಿನದವರ ಹೆಸರು ಒರೆಸಿ, ಬೋರ್ಡಿನ ಮೇಲೆ ನನ್ನ ಹೆಸರು, ಏಳು ಅಂಕಿಯ ನಂಬರು ಬರೆಯೋದು. ಇವತ್ತಿನ ಜವಾಬ್ದಾರಿ ಇವರದು ಅಂತ. ಬರೆದ ಮೇಲೆ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಹೊರಗಿರುವಂತಿಲ್ಲ. ಗಿರಾಕಿಗಳು ಆ ನಂಬರನ್ನು ಮೊಬೈಲಿನಲ್ಲೇ ಹುಡುಕಿ ನೋಡಬಹುದು. ಒಬ್ಬ ಅಜ್ಜ ನನ್ನೆದುರಿಗೇ ನೋಡಿ, "ಹ್ಞಾ, ಇದೀಯಾ" ಅಂದಿದ್ದರು.

ಅಂದಹಾಗೆ, ಈ ಫೀಸಿಗೆ ಇಲ್ಲಿ ಟ್ಯಾಕ್ಸ್ ವಿನಾಯಿತಿ ಇದೆ. ಮಾಲೀಕರು ಕಟ್ಟದೆ ನಾವೇ ಕೈಯಿಂದ ಕಟ್ಟಿದ್ದರೆ, 20 ಪರ್ಸೆಂಟ್ ಟ್ಯಾಕ್ಸಿನವರಿಗೆ 293ರಲ್ಲಿ 58 ಪೌಂಡಿನಷ್ಟು ಉಳಿಯುತ್ತೆ. ಹಿಂದಿನ ನಾಲ್ಕು ವರ್ಷದ್ದೂ ಕೇಳಬಹುದು. ನನಗಿದು ಗೊತ್ತಾಗಿದ್ದೇ ಮೂರು ವರ್ಷ ಸುಮ್ನೆ ಕಟ್ಟಿದ ಮೇಲೆ.

ಅಪ್ಪಾಜಿಗೆ ಅದನ್ನೂ ಹೇಳಿದೆ. ಮತ್ತೆ ಆ ಕಡೆ ಸದ್ದಿಲ್ಲ. ಈ ಸಲ 58ನ್ನು ಗುಣಿಸುತ್ತಿದ್ದರು.